ತೌಡು ಮೆತ್ತಿದ ಸ್ವಿಸ್ ಗಡಿಯಾರ

ಗಡಿಯಾರದ ಹಿಂಬದಿಯ ಮುಚ್ಚಳ ತೆಗೆದ ಕೂಡಲೇ ತೌಡಿನ ವಾಸನೆ ಬಂತು. ಸಿಂಧನೂರಿನಲ್ಲಿ ಗಡಿಯಾರ ರಿಪೇರಿಗೆ ಕೂತು ನನ್ನ ತಲೆ ನರೆತಿದೆ. ಬೆವರು, ಕುಂಕುಮ, ಗದ್ದೆಗೆ ಹೊಡೆಯುವ ಔಷಧ, ಒಮ್ಮೆ ಇರುವೆಗಳ ಇಡೀ ಸಂಸಾರವನ್ನೇ ಗಡಿಯಾರದೊಳಗೆ ಕಂಡಿದ್ದೇನೆ. ಅಕ್ಕಿ ಗಿರಣಿಯ ವಾಸನೆ ಬಂದದ್ದು ಅದೇ ಮೊದಲು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ನೋಡಿದೆ. ಚಕ್ರಗಳ ಹಲ್ಲುಗಳ ನಡುವೆ ಕಂದು ಹಿಟ್ಟು ಒಣಗಿ ಅಂಟಿನಂತೆ ಕೂತಿತ್ತು.

"ಇದರಾಗ ತೌಡು ಯಾರು ಹಾಕಿದ್ರು?" ಎಂದೆ.

ಎದುರಿಗೆ ಇಬ್ಬರು ಕೂತಿದ್ದರು. ಒಬ್ಬ ಗೊರೇಬಾಳದವನು, ದುಬೈಯಲ್ಲಿ ಒಬ್ಬ ಶ್ರೀಮಂತನ ಮನೆಯಲ್ಲಿ ಡ್ರೈವರ್. ತನ್ನ ಮದುವೆಗೆಂದು ರಜೆ ಹಾಕಿ ಊರಿಗೆ ಬಂದಿದ್ದ. ಇನ್ನೊಬ್ಬಾಕೆ ಅವನ ಅಕ್ಕ. ಅವನು ತಲೆ ತಗ್ಗಿಸಿದ. ಅಕ್ಕ ತಲೆ ತಗ್ಗಿಸುವ ಪೈಕಿ ಅಲ್ಲ.

"ನಾನರೀ ಚಾಚಾ. ಮೊಬೈಲ್ ನೀರಾಗ ಬಿದ್ರ ಅಕ್ಕ್ಯಾಗ ಇಡ್ತಾರಲ್ರಿ? ಅಕ್ಕಿಗಿಂತ ಗಿರಣಿಯಿಂದ ಆಗಷ್ಟ ಬಂದ ತೌಡು ಬಿಸಿ ಇರ್ತದ, ಲಗೂನ ಒಣಗ್ತದ ಅಂತ ಡಬ್ಬ್ಯಾಗ ಹುಗಿದಿಟ್ಟೆ. ಗಾಳಿ ಆಡ್ಲಿ ಅಂತ ಹಿಂದಿನ ಮುಚ್ಚಳ ಚಾಕು ತುದೀಲೆ ಒಂಚೂರು ಎಬ್ಬಿಸಿದ್ದೆ, ಅಷ್ಟ."

"ನಿಮ್ಮನ್ಯಾಗ ಕೂಸು ನೀರಾಗ ಬಿದ್ರೂ ತೌಡಿನಾಗ ಹುಗೀತೀರೇನವ್ವಾ?"

ನನ್ನ ನಾಲಿಗೆ ಹಾಗೆಯೇ. ಸಿಟ್ಟು ಬಂದರೆ ಗಿರಾಕಿ, ನೆಂಟ ಎಂಬ ಭೇದ ಅದಕ್ಕಿಲ್ಲ. ಆದರೆ ಡ್ರೈವರ್ ಹೇಳಿದ ಮಾತು ಕೇಳಿ ಬಾಯಿ ತಾನಾಗಿ ಮುಚ್ಚಿತು. ಗಡಿಯಾರ ಅವನದಲ್ಲ. ಊರಿಗೆ ಹೊರಟ ದಿನ ಅವನ ಯಜಮಾನ, ಅವನಿಗೆ ಅಲ್ಲಿ ಅರ್ಬಾಬ್ ಎನ್ನುತ್ತಾರೆ, ತನ್ನ ಕೈಯಿಂದ ಬಿಚ್ಚಿ ಕೊಟ್ಟಿದ್ದನಂತೆ. ಮದುವೆಯ ದಿನ ಕಟ್ಟಿಕೋ, ಬರುವಾಗ ನಿನ್ನ ಕೈಯಾರೆ ವಾಪಸ್ ತಾ ಎಂದಿದ್ದನಂತೆ. ಮದುವೆ ಮುಗಿದು ದಢೇಸುಗೂರಿನ ಮಾವನ ಮನೆಗೆ ಒಬ್ಬನೇ ಬೈಕಿನಲ್ಲಿ ಹೊರಟವನು, ಎದುರು ಬಂದ ಭತ್ತದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಕಾಲುವೆಗೆ ಜಾರಿದ್ದ. ಶುಕ್ರವಾರ ಹೈದರಾಬಾದಿನಿಂದ ಅವನ ವಿಮಾನ.

"ಇದು ನಡೀಲಿಲ್ಲಂದ್ರ ನಾ ಹೋಗಿ ಏನು ಮಾಡ್ಲಿ, ಚಾಚಾ? ಚಲೋದನ್ನ ಮಾರಿ, ಕೆಟ್ಟದ್ದು ತಂದಾನ ಅಂತಾರ. ಕೆಲಸ ಹೋಗ್ತದ. ಅದಕ್ಕಿಂತ ಹೆಚ್ಚಾಗಿ ಅವರು ನಂಬಿ ಕೊಟ್ಟಿದ್ರು."

ಕಂಪನಿಯ ಹೆಸರು ಇಲ್ಲಿ ಬೇಡ. ಸ್ವಿಟ್ಜರ್ಲೆಂಡಿನದು, ವಿಚಿತ್ರ ಗಡಿಯಾರಗಳಿಗೇ ಹೆಸರಾದದ್ದು. ಮೊದಲ ನೋಟಕ್ಕೆ ಯಾರೋ ಗುದ್ದಿ ನುಗ್ಗು ಮಾಡಿದ ಡಬ್ಬಿಯಂತೆ ಕಂಡಿತು: ಒಂದು ಕಡೆ ವಾಲಿದ ಚೌಕ. ಗಂಟೆಗೆ ಮುಳ್ಳಿಲ್ಲ. ಎಡ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ, ಅದರಲ್ಲಿ ಗಂಟೆಯ ಅಂಕಿ. ಅರವತ್ತು ನಿಮಿಷ ತುಂಬಿದ ಕ್ಷಣ ಅಂಕಿ ಟಕ್ಕೆಂದು ಜಿಗಿದು ಬದಲಾಗಬೇಕು. ನಿಮಿಷಕ್ಕೆ ಒಂದೇ ಮುಳ್ಳು. ಚಾವಿ ತಿರುಗಿಸುವ ಗುಬ್ಬಿ ಬಲಕ್ಕಿಲ್ಲದೆ ಕೆಳಗಿತ್ತು, ಅದರ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ. ಇಂಥದ್ದನ್ನು ನಾನು ಫೋಟೋದಲ್ಲಿ ನೋಡಿದ್ದೆ, ಮುಟ್ಟಿರಲಿಲ್ಲ.

ಕಂಪನಿಗೇ ಕಳಿಸು ಎನ್ನಬಹುದಿತ್ತು. ಕಳಿಸಿದರೆ ಆರು ತಿಂಗಳಿಗೂ ಬಾರದು, ಅಷ್ಟರಲ್ಲಿ ಕಥೆ ಮುಗಿದಿರುತ್ತದೆ. ಹಾಗಂತ ಕೈ ಹಾಕಿ ನಾನೇ ಕೆಡಿಸಿದರೆ? ಒಂದು ಲೋಟ ಚಹಾ ತರಿಸಿ ಕುಡಿದೆ. ಆಮೇಲೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸಣ್ಣ ತುಂಡುಗಳು ಹಾರದಂತೆ ಫ್ಯಾನ್ ಆರಿಸಿದೆ. ಫ್ಯಾನ್ ಆರಿಸಿದನೆಂದರೆ ಇವನು ಕೆಲಸ ಒಪ್ಪಿಕೊಂಡ ಎಂದು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಗೊತ್ತು.

ಮೊದಲು ಚಾವಿ ಇಳಿಸಬೇಕು. ಸುತ್ತಿಟ್ಟ ಕಮಾನಿಯ, ಅಂದರೆ ಸ್ಪ್ರಿಂಗಿನ, ಬಿಗಿ ಬಿಡಿಸದೆ ಚಕ್ರಗಳನ್ನು ಹಿಡಿದಿಡುವ ಸೇತುವೆ ಬಿಚ್ಚಿದರೆ ಹಲ್ಲುಗಳು ಪುಡಿಯಾಗುತ್ತವೆ. ಕಮಾನಿ ಬಿಚ್ಚದಂತೆ ತಡೆಯುವ ಗುಂಡಿಯನ್ನು ಕಡ್ಡಿಯಿಂದ ಹಿಡಿದು, ಗುಬ್ಬಿಯನ್ನು ಬೆರಳಲ್ಲಿ ಒತ್ತಿ ನಿಧಾನಕ್ಕೆ ಬಿಟ್ಟೆ. ಆಮೇಲೆ ಬ್ಯಾಲೆನ್ಸ್ ಚಕ್ರ ಎತ್ತಿದೆ. ಗಡಿಯಾರದ ಎದೆಬಡಿತ ಅದೇ. ಕೂದಲಿಗಿಂತ ಸಣ್ಣ ಸುರುಳಿ ಕಮಾನಿ ಅದನ್ನು ಅತ್ತ ಇತ್ತ ತೂಗುತ್ತದೆ. ಭೂತಗನ್ನಡಿಯಲ್ಲಿ ನೋಡಿದೆ. ಚಕ್ರ ನಿಲ್ಲುವ ಅಚ್ಚಿನ ತುದಿ ಮುರಿದಿತ್ತು. ಬರೀ ನೀರಿಗೆ ಬಿದ್ದರೆ ಅದು ಮುರಿಯುವುದಿಲ್ಲ, ಕಲ್ಲಿಗೆ ಬಡಿದಿರಬೇಕು. ತೌಡನ್ನು ತೊಳೆಯಬಹುದು, ಮುರಿದ ಅಚ್ಚನ್ನು ತೊಳೆದು ಏನು ಮಾಡುವುದು? ಡ್ರೈವರಿಗೆ ಆಗ ಹೇಳಲಿಲ್ಲ. ಅವನ ಮುಖ ಮೊದಲೇ ಸುಟ್ಟ ಬದನೆಕಾಯಿ ಆಗಿತ್ತು.

ತೊಳೆಯುವುದೂ ಸುಲಭವಾಗಲಿಲ್ಲ. ನಾವು ಬಳಸುವುದು ಬಿಳಿ ಪೆಟ್ರೋಲು. ಅದರಲ್ಲಿ ಹಾಕಿದರೆ ತೌಡಿನ ಎಣ್ಣೆ ಬಿಟ್ಟಿತು, ಹಿಟ್ಟು ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿತು. ಹಿಟ್ಟಿಗೆ ಬೇಕಾದದ್ದು ಬಿಸಿನೀರು. ಉಕ್ಕಿನ ಸಾಮಾನಿಗೆ ನೀರು ಎಂದರೆ ತುಕ್ಕು. ಅದರಲ್ಲೂ ಗಂಟೆಯ ಅಂಕಿಯನ್ನು ಜಿಗಿಸುವ ಸನ್ನೆಗೋಲಿನ ಹಿಂದೆ ಒಂದು ಕಮಾನಿ ಇತ್ತು, ಎಳ್ಳಿನ ಸಿಪ್ಪೆಯಷ್ಟು ತೆಳು. ಅದಕ್ಕೆ ತುಕ್ಕು ಹಿಡಿದರೆ ಮತ್ತೊಂದು ಈ ದೇಶದಲ್ಲೇ ಸಿಗದು. ಸೋಪಿನ ಬಿಸಿನೀರಿನ ಬಟ್ಟಲು, ಪಕ್ಕದಲ್ಲೇ ಸ್ಪಿರಿಟ್ಟಿನ ಬಟ್ಟಲು, ಅದರ ಪಕ್ಕ ಪೆಟ್ರೋಲು ಇಟ್ಟುಕೊಂಡೆ. ಒಂದೊಂದೇ ತುಂಡನ್ನು ನೀರಿಗದ್ದಿ, ಬ್ರಷ್ಷಿನಿಂದ ತಿಕ್ಕಿ, ಉಸಿರು ಬಿಡುವುದರೊಳಗೆ ಸ್ಪಿರಿಟ್ಟಿಗೆ ಹಾಕುವುದು. ಕೈಯ ಚಿಮಟ ನಡುಗಿದರೆ ಕೆಲಸ ಕೆಟ್ಟಂತೆಯೇ. ಮುಗಿಯುವಾಗ ಅಂಗಿ ಬೆನ್ನಿಗಂಟಿತ್ತು.

ಮರುದಿನ ಬೆಳಿಗ್ಗೆ ಹೈದರಾಬಾದಿನ ಉಸ್ತಾದರಿಗೆ ಫೋನ್ ಮಾಡಿದೆ. ನನಗೆ ಈ ಕಸುಬು ಕಲಿಸಿದವರು. ಕೊಲ್ಲಿ ದೇಶದ ಒಂದು ದೊಡ್ಡ ಗಡಿಯಾರ ರಿಪೇರಿ ಮನೆಯಲ್ಲಿ ಬಹಳ ಕಾಲ ದುಡಿದು ಬಂದವರು. ಈ ಕಂಪನಿಯ ಗಡಿಯಾರಗಳು ಅವರ ಕೈಯಲ್ಲಿ ಹಾದುಹೋಗಿದ್ದವು. ನಾವು ಮಾತಾಡುವುದು ದಖನಿ ಉರ್ದುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಮುರಿದ ಅಚ್ಚಿನ ವಿಷಯ ಹೇಳಿ ಮುಗಿಸುವ ಮೊದಲೇ, "ಚಾವಿಯ ಗುಬ್ಬಿ ಯಾವ ಕಡೆಗಿದೆ?" ಎಂದು ಕೇಳಿದರು.

"ಕೆಳಗೆ."

"ಅರವತ್ತನೆಯ ನಿಮಿಷ?"

"ಚಾವಿಯ ಪಕ್ಕ, ಕೆಂಪು ಚುಕ್ಕೆ."

"ಅರೆ ಮಿಯಾ, ಹಾಗಾದರೆ ಅದು ಹಳೆಯ ಮಾಲು. ಮೇಲೆ ಹುಚ್ಚು, ಕೆಳಗೆ ಅಜ್ಜ."

ಆಮೇಲೆ ಅವರು ಹೇಳಿದ ಕಥೆ ಇದು. ಈ ಕಂಪನಿ ಕಟ್ಟಿದವನು ನಮ್ಮ ಹಾಗೆಯೇ ರಿಪೇರಿಯವನು. ಬ್ಯಾಟರಿ ಗಡಿಯಾರ ಬಂದು ಸ್ವಿಸ್ ಬೆಟ್ಟದ ಊರುಗಳ ಕಾರ್ಖಾನೆಗಳಿಗೆ ಬೀಗ ಬೀಳತೊಡಗಿದಾಗ, ಕೈಚಾವಿಯ ಮಷೀನುಗಳನ್ನು ಗುಜರಿಯವರು ತೂಕಕ್ಕೆ ಒಯ್ಯುತ್ತಿದ್ದರು. ಇವನು ಅವುಗಳಲ್ಲಿ ಜೇಬುಗಡಿಯಾರದ ಮಷೀನುಗಳನ್ನು ಆರಿಸಿ ಪೆಟ್ಟಿಗೆಗಟ್ಟಲೆ ತಂದಿಟ್ಟುಕೊಂಡ. ಗುಂಡಗಿನ, ಸಭ್ಯ ಗಡಿಯಾರ ಬ್ಯಾಟರಿಯವನೂ ಮಾಡುತ್ತಾನೆ, ಅಗ್ಗಕ್ಕೆ ಮಾಡುತ್ತಾನೆ. ನಾನು ಯಾರೂ ಮಾಡದ್ದನ್ನು ಮಾಡಬೇಕು ಎಂದು ಹಟ ತೊಟ್ಟ. ಗಟ್ಟಿಮುಟ್ಟಾದ ಆ ಹಳೆಯ ಮಷೀನಿನ ಮೇಲೆ ತನ್ನದೊಂದು ಮಾಳಿಗೆ ಕಟ್ಟಿದ. ಅಂಕಿ ಜಿಗಿಯುವ ಕಿಟಕಿ ಅಲ್ಲಿ ಬಂತು. ಜೇಬುಗಡಿಯಾರದಲ್ಲಿ ಚಾವಿ ನೆತ್ತಿಯ ಮೇಲಿರುತ್ತದೆ, ಅರವತ್ತೂ ಅಲ್ಲೇ. ಇವನು ಮಷೀನನ್ನೇ ತಲೆಕೆಳಗು ತಿರುಗಿಸಿ ಕೂರಿಸಿದ. ಚುಕ್ಕೆ ಕೆಳಗೆ ಬಂದದ್ದು ಹಾಗೆ. ಸ್ವಂತ ಊರಿನ ಗಡಿಯಾರದವರು ಅವನನ್ನು ನೋಡಿ ನಕ್ಕರಂತೆ. ಮೊದಲು ಕೊಂಡವರು ಕೊಲ್ಲಿಯ ಕೆಲವು ವ್ಯಾಪಾರಿಗಳು. ಹೆಸರಾದ ಮೇಲೆ ನಕ್ಕವರೇ ಸರದಿಯಲ್ಲಿ ನಿಂತರು. ಮುಂದೆ ಕಂಪನಿ ಬೇರೆಯವರ ಕೈಗೆ ಹೋಯಿತು, ಮಷೀನು ಕೂಡ ಹೊಸದಾಯಿತು. ಮೊದಲಿನವು ಈಗ ಬೆರಳೆಣಿಕೆಯಷ್ಟು.

"ಅವನು ಹಳೆಯ ಮಷೀನಿನ ಗುರುತು ಉಜ್ಜಿ ತೆಗೆದಿರುತ್ತಾನೆ, ಹಾಗಾಗಿ ನಿನಗೆ ಗೊತ್ತಾಗಿಲ್ಲ," ಎಂದರು ಉಸ್ತಾದ್. ಮಷೀನಿನ ಜಾತಿ, ಅಳತೆ ಹೇಳಿದರು. "ಅದೇ ಜೇಬುಗಡಿಯಾರ ನಮ್ಮ ಕಡೆ ಎಷ್ಟೋ ಮನೆಗಳಲ್ಲಿತ್ತು. ಹುಡುಕು."

ಗುಜರಿಯಿಂದ ಹುಟ್ಟಿದ ಗಡಿಯಾರ! ನಿನ್ನೆ ಅದನ್ನು ನುಗ್ಗಾದ ಡಬ್ಬಿ ಎಂದು ಹಂಗಿಸಿದ್ದಕ್ಕೆ ನನಗೆ ಒಳಗೊಳಗೇ ನಗು ಬಂತು. ಅಂಥ ಜೇಬುಗಡಿಯಾರವನ್ನು ನಾನು ಕಂಡದ್ದು ಒಂದೇ ಕಡೆ, ಲಿಂಗಸುಗೂರಿನಲ್ಲಿ, ನನ್ನದೇ ಕಸುಬಿನ ಒಬ್ಬ ಹಿರಿಯನ ಕಪಾಟಿನಲ್ಲಿ. ಡ್ರೈವರನ್ನೂ ಕರೆದುಕೊಂಡು ಮಸ್ಕಿಯ ಮೇಲೆ ಹೋಗುವ ಬಸ್ಸು ಹತ್ತಿದೆ. ಮದುಮಗನ ತುಂಬು ತೋಳಿನ ಅಂಗಿ ಇನ್ನೂ ಅವನ ಮೈಮೇಲಿತ್ತು.

ಹಿರಿಯ ಈಗ ಅರ್ಧ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾನೆ, ಉಳಿದರ್ಧದಲ್ಲಿ ಗಡಿಯಾರ. ಕಪಾಟು ತೆಗೆದು ತೋರಿಸಿದ. ಜೇಬುಗಡಿಯಾರ ಅಲ್ಲೇ ಇತ್ತು. ಮುಚ್ಚಳ ತೆಗೆದೆ. ಅದೇ ಸೇತುವೆ, ಅದೇ ಚಕ್ರ. ನನ್ನ ಮಷೀನಿನ ಒಡಹುಟ್ಟಿದ ತಮ್ಮ. ಚಾವಿ ಕೊಟ್ಟೆ, ನಡೆಯಿತು ಕೂಡ.

"ಬ್ಯಾಲೆನ್ಸ್ ಚಕ್ರ ಕೊಡು ಅಣ್ಣ," ಎಂದೆ.

"ಕೊಡಾಂಗಿಲ್ಲ, ಸಾಬ್ರ."

"ಯಾಕ?"

"ಇದು ನಂದಲ್ಲ, ಬಿಟ್ಟುಹೋದದ್ದು. ನಿಮಗ ಹೇಳಬೇಕೇನು?"

ಹೇಳಬೇಕಿರಲಿಲ್ಲ. ರಿಪೇರಿಗೆ ಕೊಟ್ಟು ಯಾರೂ ಒಯ್ಯದ ಗಡಿಯಾರ ಎಲ್ಲ ಅಂಗಡಿಯಲ್ಲೂ ಇರುತ್ತದೆ. ಎಷ್ಟು ವರ್ಷವಾದರೂ ಅದರ ಒಂದು ಮೊಳೆಯನ್ನೂ ಬೇರೆ ಗಡಿಯಾರಕ್ಕೆ ಹಾಕುವಂತಿಲ್ಲ. ಇದು ಎಲ್ಲಿಯೂ ಬರೆದಿಟ್ಟದ್ದಲ್ಲ, ಕಸುಬಿನ ಕಟ್ಟುಪಾಡು. ಉಸ್ತಾದರು ನನಗೆ ಮೊದಲ ವಾರವೇ ಕಲಿಸಿದ್ದು. ಆದರೂ ಆ ಹೊತ್ತಿಗೆ ನನಗೆ ತಲೆ ಕೆಟ್ಟಿತ್ತು.

"ಕೊಟ್ಟಾವ ಸತ್ತು ಯಾವ ಕಾಲ ಆತು! ನೀ ಇದನ್ನ ಇಟ್ಟು ಪೂಜಾ ಮಾಡ್ತಿಯೇನು? ಇಲ್ಲಿ ಒಬ್ಬನ ಬದುಕು ಹೊಂಟದ."

"ಕೊಟ್ಟಾವ ಸತ್ತಾನ, ಮನಿ ಸತ್ತಿಲ್ಲ. ಮಸ್ಕ್ಯಾಗ ಅವರ ಸೊಸಿ ಅದಾಳ. ಆಕಿ ಹೂಂ ಅಂದ್ರ ಒಯ್ಯಿರಿ. ನನ್ನ ಮ್ಯಾಲ ಒದರಿ ಏನೂ ಆಗಾಂಗಿಲ್ಲ."

ಅಷ್ಟು ಹೇಳಿ, ಗಡಿಯಾರವನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೇ ಕೊಟ್ಟ. ನಂಬಿಕೆ ಹೀಗೂ ಕೆನ್ನೆಗೆ ಬಾರಿಸುತ್ತದೆ. ವಾಪಸ್ ಬಸ್ಸು ಹಿಡಿದು ಮಸ್ಕಿಯಲ್ಲಿ ಇಳಿದೆವು.

ಸೊಸೆ ಎಂದರೆ ಅರವತ್ತು ದಾಟಿದ ಹೆಂಗಸು. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಗಡಿಯಾರ ಬಿಚ್ಚಿ ತೋರಿಸಿದೆ. ಮಾವ ತಾಲೂಕು ಕಚೇರಿಯಲ್ಲಿದ್ದಾಗ ಕೋಟಿನ ಜೇಬಿನಲ್ಲಿ ಇಡುತ್ತಿದ್ದದ್ದು ಎಂದು ಗುರುತು ಹಿಡಿದಳು. ಕಿವಿಗೆ ಹಿಡಿದಳು. ಮುಖ ಅರಳಿತು.

"ಅಯ್ಯ, ನಡ್ಯಾಕತ್ಯಾದಲ್ರಿ!"

ಇನ್ನು ಕೇಳುವುದು ಹೇಗೆ? ನಡೆಯುವ ಗಡಿಯಾರವನ್ನು ಕೈಗೆ ಕೊಟ್ಟು, ಇದರ ಎದೆ ಕಿತ್ತು ಕೊಡು ಎನ್ನುವುದು ಹೇಗೆ? ನಾನು ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಡ್ರೈವರ್ ಬಾಯಿಬಿಟ್ಟ. ಕಾಲುವೆ, ತೌಡು, ಅರ್ಬಾಬ್, ಶುಕ್ರವಾರ, ಏನೊಂದೂ ಮುಚ್ಚಿಡದೆ ಹೇಳಿದ. ಕೊನೆಗೆ, "ಕೊಟ್ರ ನಿಮ್ಮ ಗಡಿಯಾರ ನಿಲ್ತದರಿ ಅವ್ವಾ," ಎಂದೂ ಸೇರಿಸಿದ. ನಾನಾಗಿದ್ದರೆ ಆ ಕೊನೆಯ ಮಾತನ್ನು ನುಂಗಿಬಿಡುತ್ತಿದ್ದೆ.

ಆಕೆ ಬಹಳ ಹೊತ್ತು ಜೋಳದ ಮೇಲೆ ಕೈಯಾಡಿಸಿದಳು.

"ಇಷ್ಟು ವರ್ಷ ಇದು ಅದ ಅನ್ನೋದ ನಮಗ ನೆಪ್ಪಿರಲಿಲ್ಲ. ಬೇಕಾದ್ದು ತಗೊಂಡು, ಉಳಿದದ್ದು ಮುಚ್ಚಿ ತಂದು ಕೊಡ್ರಿ. ನಡೀದಿದ್ರೂ ನಮ್ಮ ಮಾವಂದು."

ಸಿಂಧನೂರಿಗೆ ಬಂದಾಗ ಅಕ್ಕ ಅಂಗಡಿಯ ಮುಂದೆ ಕಾಯುತ್ತಿದ್ದಳು. ಬಂದವನೇ ಫ್ಯಾನ್ ಆರಿಸಿ ಕೂತೆ. ಮುರಿದ ಅಚ್ಚನ್ನಷ್ಟೇ ಬದಲಿಸಬಹುದಿತ್ತು. ಅದಕ್ಕೆ ಎರಡೂ ಚಕ್ರಗಳ ಅಚ್ಚು ಹೊಡೆದು ತೆಗೆಯಬೇಕು, ಒಂದೇಟು ಓರೆಯಾದರೆ ಎರಡೂ ಹಾಳು. ಜೇಬುಗಡಿಯಾರದ ಇಡೀ ಚಕ್ರವನ್ನು ಅದರ ಸುರುಳಿ ಕಮಾನಿಯ ಸಮೇತ ಕೂರಿಸುವುದು ಎಂದು ನಿರ್ಧರಿಸಿದೆ. ಕೂರಿಸಿದೆ. ಬಿಟ್ಟ ಕೂಡಲೇ ತೂಗತೊಡಗಿತು. ಡ್ರೈವರ್ "ಯಪ್ಪಾ" ಎಂದು ಕುರ್ಚಿಗೊರಗಿದ.

ಅವಸರ ಪಟ್ಟಿದ್ದ. ನಿಮಿಷದ ಮುಳ್ಳು ಚುಕ್ಕೆಗೆ ಬರುವುದನ್ನು ಕಾದೆವು. ಸನ್ನೆಗೋಲು ಬಸವನಹುಳದಂಥ ಚಕ್ರದ ಅಂಚಿನ ಮೇಲೆ ಗಂಟೆಯುದ್ದಕ್ಕೂ ಏರುತ್ತ ಬಂದು, ತುದಿಯಿಂದ ಒಮ್ಮೆಲೇ ಬೀಳಬೇಕು. ಬಿತ್ತು. ಕಿಟಕಿಯಲ್ಲಿ ಅಂಕಿ ಅರ್ಧ ಜಿಗಿದು ನಿಂತಿತು. ಮೂರರ ಹೊಟ್ಟೆ ಮೇಲೆ, ನಾಲ್ಕರ ತಲೆ ಕೆಳಗೆ. ಮಷೀನೂ ನಿಂತಿತು. ಆ ತೆಳು ಕಮಾನಿಗೆ ನೀರು ತಗುಲಿ ಬಲ ಹೋಯಿತೇ?

ಮತ್ತೆ ಮುಳ್ಳು, ಡಯಲ್ಲು, ಅಂಕಿಯ ತಟ್ಟೆ ಎಲ್ಲ ಬಿಚ್ಚಿದೆ. ಕಮಾನಿಯನ್ನು ಚಿಮಟದಿಂದ ಒತ್ತಿದೆ, ಬಲ ಸರಿಯಾಗಿತ್ತು. ತಟ್ಟೆಯ ಹಲ್ಲು ಒಂದೊಂದೂ ನೋಡಿದೆ, ಸರಿಯಾಗಿತ್ತು. ಆಮೇಲೆ ಸನ್ನೆಗೋಲಿನ ತಿರುಗಣೆಯ ಅಡಿಯಲ್ಲಿ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುವಂತೆ, ಭತ್ತದ ಹೊಟ್ಟಿನ ಒಂದು ಚೂರು ಸಿಕ್ಕಿತು. ಅದನ್ನು ತೆಗೆದು ಅಕ್ಕನ ಅಂಗೈ ಮೇಲಿಟ್ಟೆ. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮತ್ತೆ ಜೋಡಿಸಿ, ಮುಳ್ಳನ್ನು ಚುಕ್ಕೆಯ ಹಿಂದಕ್ಕೆ ತಂದು ಬಿಟ್ಟೆ. ಮೂವರೂ ಬಗ್ಗಿ ಕೂತೆವು. ಟಕ್. ಕಿಟಕಿ ತುಂಬ ಒಂದು ಹೊಸ ಅಂಕಿ. ಮರುದಿನ ಮಧ್ಯಾಹ್ನದವರೆಗೂ ಅದು ಒಂದು ಗಂಟೆಯನ್ನೂ ತಪ್ಪಿಸಲಿಲ್ಲ.

ಆಗ ಶುರುವಾಯಿತು ನಿಜವಾದ ಜಗಳ. ಮುಚ್ಚಳದ ಒಳಮೈಯಲ್ಲಿ, ಬಿಚ್ಚಿದ ಪ್ರತಿ ಕಸುಬಿನವನೂ ಸೂಜಿಯಿಂದ ತನ್ನ ಗುರುತು ಗೀರುವುದು ಪದ್ಧತಿ. ನಾನು ಸೂಜಿ ತೆಗೆದೆ. ಡ್ರೈವರ್ ನನ್ನ ಮೊಣಕೈ ಹಿಡಿದುಕೊಂಡ.

"ಬ್ಯಾಡ್ರಿ ಚಾಚಾ. ಹಂಗ ಮುಚ್ಚಿಬಿಡ್ರಿ. ನಡ್ಯಾಕತ್ಯಾದಲ್ಲ, ಅವರಿಗೇನು ಗೊತ್ತಾಗ್ತದ?"

"ಮುಂದ ಕಂಪನ್ಯಾವ್ರು ಬಿಚ್ಚಿದ್ರ ಗೊತ್ತಾಗ್ತದ. ಚಕ್ರ ಬ್ಯಾರೆ ಅದ. ಗುರ್ತಿಲ್ಲ, ಹಳೀ ಚಕ್ರ ಇಲ್ಲ ಅಂದ್ರ ನೀ ಕದ್ದಿ ಅಂತಾರ. ಹಳೀ ಚಕ್ರ ಪುಡಿಕ್ಯಾಗ ಕಟ್ಟೀನಿ, ಅದೂ ಒಯ್ಯಿ. ಹೋಗೂಕಿಂತ ಮೊದ್ಲ ಫೋನ್ ಮಾಡಿ ಹೇಳು."

"ಹೋದ ವರ್ಷ ಅಡಿಗಿಯವ ಒಂದು ಹೂದಾನಿ ಒಡೆದಿದ್ದ. ಸಂಜಿಗೇ ಊರಿಗೆ ಕಳಿಸಿದ್ರು."

"ಹೇಳಿ ಹೋದ್ನೋ, ಮುಚ್ಚಿಟ್ಟು ಸಿಕ್ಕಿಬಿದ್ನೋ?"

"ಅದು ನಂಗ ಗೊತ್ತಿಲ್ರಿ."

ನನಗೂ ಗೊತ್ತಿರಲಿಲ್ಲ. ಅವನ ಅನ್ನದ ಮೇಲೆ ನಾನು ಪಂತ ಕಟ್ಟುತ್ತಿದ್ದೇನೆ ಎಂಬುದು ತಿಳಿದೇ ಇತ್ತು. ಆದರೂ ಮುಚ್ಚಳ ಮುಚ್ಚಲು ಕೈ ಬರಲಿಲ್ಲ. ಮಸ್ಕಿಯ ಪಡಸಾಲೆಯಲ್ಲಿ, ಬೇಡವೆನ್ನಿಸಿಕೊಳ್ಳುವ ಭಯವಿದ್ದರೂ ಇದ್ದದ್ದನ್ನು ಇದ್ದಂತೆ ಹೇಳಿದವನು ಇವನೇ.

"ಫೋನ್ ಹಚ್ಚು. ಇಲ್ಲಾಂದ್ರ ಮುಚ್ಚಳ ಹಾಕಾಂಗಿಲ್ಲ, ಹಿಂಗ ತೆರೆದದ್ದನ್ನ ಒಯ್ಯಿ," ಎಂದೆ.

ಹಚ್ಚಿದ. ಸ್ಪೀಕರಿನಲ್ಲಿಟ್ಟ. ಅರ್ಬಾಬನಿಗೆ ತಿಳಿಯುವ ಉರ್ದುವಿನಲ್ಲಿ ತಡವರಿಸುತ್ತ ಎಲ್ಲ ಹೇಳಿದ. ಅಕ್ಕ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಿದ್ದಳು. ಕೊನೆಗೆ ಆ ಕಡೆಯಿಂದ ಒಂದು ಮುದಿ, ಒಣ ದನಿ ಬಂತು.

"ಬಿಚ್ಚಿದವನಿಗೆ ಕೊಡು."

ಫೋನ್ ಹತ್ತಿರ ಎಳೆದುಕೊಂಡು ಹೆಜ್ಜೆ ಹೆಜ್ಜೆಗೂ ಏನು ಮಾಡಿದೆ ಎಂದು ವರದಿ ಒಪ್ಪಿಸಿದೆ. ತೌಡು, ಬಿಸಿನೀರು, ಸ್ಪಿರಿಟ್ಟು, ಜೇಬುಗಡಿಯಾರದ ಚಕ್ರ. ಹಳೆಯ ಚಕ್ರ ಜೊತೆಗೇ ಬರುತ್ತದೆ ಎಂದೆ. ಅವರು ನಡುವೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಅಚ್ಚು ನೀರಿನಿಂದ ಮುರಿಯಿತೇ?"

"ಇಲ್ಲ ಜನಾಬ್. ಪೆಟ್ಟಿನಿಂದ. ಕಾಲುವೆಯ ಕಲ್ಲಿಗೆ ಜೋರಾಗಿ ಬಡಿದಿದೆ."

ಮುಗಿಯಿತು, ಇವನ ಕೆಲಸ ಹೋಯಿತು ಎಂದುಕೊಂಡೆ.

"ಅಚ್ಚು ಮುರಿಯುವಷ್ಟು ಪೆಟ್ಟು ಬಿದ್ದಿದೆ," ಎಂದಿತು ದನಿ. "ಗಡಿಯಾರ ಇವನ ಕೈಯಲ್ಲಿತ್ತು. ಆ ಕೈಗೆ ಏನಾಗಿದೆ?"

ನಾನು ಡ್ರೈವರನ್ನು ನೋಡಿದೆ. ಅವನು ಎಡಗೈಯನ್ನು ಮೇಜಿನ ಕೆಳಗೆ ಸರಿಸಿದ. ಅಕ್ಕ ಎದ್ದು ಬಂದು ಅವನ ಎಡತೋಳಿನ ಗುಂಡಿ ಬಿಚ್ಚಿ ಅಂಗಿ ಮೇಲೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈಯವರೆಗೂ ನೀಲಿಗಟ್ಟಿ ಬಾತಿತ್ತು. ಇಷ್ಟು ದಿನ ನನ್ನ ಮೇಜಿನ ಆಚೆ ಬದಿಗೆ ಕೂತಿದ್ದ, ನನ್ನ ಜೊತೆ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಬಂದಿದ್ದ. ಹೊಟ್ಟಿನ ಚೂರು ಹುಡುಕಿದ ನನ್ನ ಕಣ್ಣಿಗೆ ಆ ಕೈ ಬಿದ್ದಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

"ಬಾತದ, ಜನಾಬ್. ಬಹಳ ಬಾತದ," ಎಂದೆ. ಗಾಬರಿಯಲ್ಲಿ ಕನ್ನಡವೇ ಬಾಯಿಗೆ ಬಂದಿತ್ತು. ಮತ್ತೆ ಉರ್ದುವಿನಲ್ಲಿ ಹೇಳಿದೆ.

"ಆ ಕೈಯಲ್ಲಿ ನನ್ನ ಕಾರು ಓಡಿಸುವುದು ಬೇಡ ಎಂದು ಹೇಳು. ಶುಕ್ರವಾರ ಬರಬಾರದು. ಕೈ ನೆಟ್ಟಗಾದ ಮೇಲೆ ಬರಲಿ, ಗಡಿಯಾರ ಆಗ ತರಲಿ."

ಫೋನ್ ಕಟ್ಟಾಯಿತು. ಡ್ರೈವರ್ ಬಲಗೈಯಿಂದ ಮುಖ ಮುಚ್ಚಿಕೊಂಡು ಮಕ್ಕಳ ಹಾಗೆ ಅತ್ತ. ಅಕ್ಕ ಅವನನ್ನು ಬೈಯತೊಡಗಿದಳು. ನೋವಾಗಿದ್ದನ್ನು ಹೇಳಲಿಕ್ಕೇನು ಧಾಡಿ, ಬಾಯಿಗೆ ತೌಡು ತುಂಬಿತ್ತೇ ಎಂದು.

ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣೊರೆಸಿಕೊಂಡು ಮೇಜಿನ ಕಡೆ ಕೈ ತೋರಿಸಿದ. "ಚಾಚಾ, ಮುಚ್ಚಳ ಹಾಕಿಲ್ಲ."

"ಇರ್ಲಿ ಬಿಡಲೇ ಅದು," ಎಂದೆ. ಗಡಿಯಾರದ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಶಟರ್ ಎಳೆದು, ಅವನನ್ನು ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಎಲುಬಿನ ಡಾಕ್ಟರ ಹತ್ತಿರ ಹೊರಟೆ.